ಅಪ್ಪ ಉಂಡುಹೋದ ನುಚ್ಚು

ನನಗೆ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ಮೊದಲು ಇದನ್ನು ಹೇಳಿಬಿಡುತ್ತೇನೆ, ಮುಂದೆ ಆದದ್ದಕ್ಕೆಲ್ಲ ಇದೇ ಮೂಲ. ಖಾನಾಪುರದ ಕಡೆಯ ಹುಡುಗಿ ನಾನು. ನಮ್ಮಲ್ಲಿ ಎರಡು ಹೊತ್ತೂ ಅನ್ನ. ಜೋಳದ ಹಿಟ್ಟಿಗೆ ಕೈ ಹಾಕಿದ್ದೇ ಬೆಳಗಾವಿಗೆ ಸೊಸೆಯಾಗಿ ಬಂದ ಮೇಲೆ. ಅತ್ತೆ ಬಡಿದ ರೊಟ್ಟಿ ದುಂಡಗೆ ತೆಳ್ಳಗೆ ಬರುತ್ತಿತ್ತು. ನನ್ನದು ಒಂದು ಕಡೆ ದಪ್ಪ, ಇನ್ನೊಂದು ಕಡೆ ಹರಕು. ಹಂಚಿಗೆ ಹಾಕುವಷ್ಟರಲ್ಲಿ ಎರಡು ತುಂಡು. ಅತ್ತೆ ಅದನ್ನು ಎತ್ತಿ ನೆರೆಮನೆಯವರಿಗೆ ತೋರಿಸಿ ನಗುತ್ತಿದ್ದರು. ಅಕ್ಕಿ ಉಣ್ಣುವವರ ಮನೆಯಿಂದ ಹೆಣ್ಣು ತಂದರೆ ಇಷ್ಟೇ ಎನ್ನುತ್ತಿದ್ದರು. ನನಗೂ ನಗು ಬರುತ್ತಿತ್ತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಸುಳ್ಳೇಕೆ ಹೇಳಲಿ, ಬರುತ್ತಿರಲಿಲ್ಲ.

ಇದು ಸಾವಿರದ ಒಂಬೈನೂರ ಇಪ್ಪತ್ತರ ದಶಕದ ಮಾತು. ನನಗೆ ಹದಿನಾರು, ಮದುವೆಯಾಗಿ ಎರಡು ವರ್ಷ. ಮನೆಯಲ್ಲಿ ಅತ್ತೆ, ಮಾವ, ನಾನು. ಮಾವ ಒಬ್ಬ ವಕೀಲರ ಹತ್ತಿರ ಗುಮಾಸ್ತರು. ನನ್ನ ಗಂಡ ಲೋಂಡಾ ಸ್ಟೇಷನ್ನಿನಲ್ಲಿ ಕಾರಕೂನ. ಅಲ್ಲಿ ಕಾಡು, ಚಳಿಜ್ವರ, ಹೆಂಡತಿಯನ್ನು ಇಟ್ಟುಕೊಳ್ಳುವ ಜಾಗವಲ್ಲ ಎಂದು ಎಲ್ಲರೂ ಸೇರಿ ತೀರ್ಮಾನಿಸಿದ್ದರು. ಆತ ಶನಿವಾರ ಸಂಜೆ ಬಂದು ಭಾನುವಾರ ಸಂಜೆ ಹೋಗುತ್ತಿದ್ದ. ಬರುವಾಗಲೂ ಹೋಗುವಾಗಲೂ ಅವನ ರೈಲು ಖಾನಾಪುರದಲ್ಲಿ ನಿಲ್ಲುತ್ತಿತ್ತು. ನನ್ನ ತವರುಮನೆ ಸ್ಟೇಷನ್ನಿನಿಂದ ಎರಡು ಓಣಿ ಆಚೆ. ಏನು ನೋಡಿದಿರಿ ಎಂದು ನಾನು ಪ್ರತಿ ವಾರ ಕೇಳುತ್ತಿದ್ದೆ. ಮಳೆ ಇತ್ತು ಎನ್ನುತ್ತಿದ್ದ. ಬೇಸಿಗೆಯಾದರೆ ಬಿಸಿಲಿತ್ತು ಎನ್ನುತ್ತಿದ್ದ. ಆ ಮನುಷ್ಯನಿಗೆ ಕಣ್ಣು ಕೊಟ್ಟದ್ದು ದಂಡ ಎಂದು ನಾನು ಒಲೆಯ ಮುಂದೆ ಕೂತು ಬೈದುಕೊಳ್ಳುತ್ತಿದ್ದೆ.

ನಾನು ಹೊರಗೆ ಹೋಗುವ ಪದ್ಧತಿ ಇರಲಿಲ್ಲ. ಸಂತೆಗೆ ಅತ್ತೆಯೇ ಹೋಗುತ್ತಿದ್ದರು. ಹಿತ್ತಲಿನ ಗೋಡೆ ನನ್ನ ತಲೆಗಿಂತ ಎತ್ತರ. ರೈಲಿನ ಸೀಟಿ ಮಾತ್ರ ಆ ಗೋಡೆ ದಾಟಿ ಬರುತ್ತಿತ್ತು. ಲೋಂಡಾ ಕಡೆ ಹೋಗುವ ಬೆಳಗಿನ ಗಾಡಿಯ ಸೀಟಿ ಕೇಳಿದಾಗ ನಾನು ಎಣಿಸಲು ಶುರುಮಾಡುತ್ತಿದ್ದೆ: ಈಗ ಹೊರಟಿತು, ಈಗ ಗದ್ದೆಗಳು ಬಂದವು, ಈಗ ಅವ್ವನಿಗೂ ಕೇಳಿಸಿರಬೇಕು. ಮದುವೆಯ ನಂತರದ ಮೊದಲ ನಾಗರಪಂಚಮಿಗೆ ಅಪ್ಪ ಕರೆಯಲು ಬಂದಾಗ ಅತ್ತೆಗೆ ಜ್ವರ ಎಂದು ಕಳಿಸಿರಲಿಲ್ಲ. ಪಂಚಮಿಗೆ ತವರಿಗೆ ಹೋಗದ ಹೆಣ್ಣು ನಮ್ಮ ಓಣಿಯಲ್ಲಿ ನಾನೊಬ್ಬಳೇ. ಎರಡನೆಯ ವರ್ಷವೂ ಹೀಗಾದರೆ ನಾನು ಬದುಕಿರುವುದಿಲ್ಲ ಎಂದು ಅನ್ನಿಸುತ್ತಿತ್ತು. ಹದಿನಾರರ ವಯಸ್ಸಿನಲ್ಲಿ ಹಾಗೆಲ್ಲ ಅನ್ನಿಸುತ್ತದೆ, ಆದರೆ ಅದು ಖರೇನೇ ಅನ್ನಿಸುತ್ತಿತ್ತು.

ಆ ವರ್ಷ ಆಷಾಢದ ಮಳೆಯಲ್ಲಿ ಅತ್ತೆ ಹಿತ್ತಲಿನ ಕಲ್ಲಿನ ಮೇಲೆ ಜಾರಿ ಬಿದ್ದರು. ಕಾಲು ಉಳುಕಿ ಬಾತುಕೊಂಡಿತು. ಸಂತೆಗೂ ಅಡುಗೆಗೂ ಉಳಿದವಳು ನಾನು. ಮಾವ ನನ್ನೊಡನೆ ನೇರ ಮಾತಾಡುವವರಲ್ಲ. ನನಗೆ ಹೇಳಬೇಕಾದದ್ದನ್ನು ಅತ್ತೆಗೆ ಹೇಳುತ್ತಿದ್ದರು, ಅಡುಗೆಮನೆಗೆ ಕೇಳುವಷ್ಟು ಜೋರಾಗಿ. ಅಂದೂ ಹಾಗೆಯೇ ಹೇಳಿದರು:

"ಮನಿ ನೆಟ್ಟಗ ನಡಸಲಿ. ಪಂಚಮಿಗೆ ಅವರಪ್ಪ ಬಂದ್ರ ಕಳಸೂಣಂತ."

ಅಷ್ಟು ಸಾಕಾಗಿತ್ತು ನನಗೆ. ಆ ಮಾತನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡವಳಂತೆ ಓಡಾಡಿದೆ.

ಶನಿವಾರ ಚೀಲ ಹಿಡಿದು ಸಂತೆಗೆ ಹೊರಟೆ. ಹೋಗುವ ಓಣಿ ಯಾವುದು, ಬರುವ ಓಣಿ ಯಾವುದು ಎಂದು ಅತ್ತೆ ಮಂಚದ ಮೇಲಿಂದಲೇ ಕಟ್ಟುಮಾಡಿದ್ದರು. ಎರಡೂ ಓಣಿಗಳಲ್ಲಿ ಅವರ ಗೆಳತಿಯರು ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಸೆರಗು ಒಂದು ಬೆರಳು ಹಿಂದೆ ಸರಿದರೂ ನಾನು ಮನೆ ಮುಟ್ಟುವ ಮೊದಲು ಸುದ್ದಿ ಮುಟ್ಟುತ್ತಿತ್ತು. ಮಾವ ಸಂತೆಗೆಂದು ಕೊಡುತ್ತಿದ್ದ ದುಡ್ಡು ಮುಷ್ಟಿ ಮುಚ್ಚಿದರೆ ಕಾಣುತ್ತಿರಲಿಲ್ಲ. ಅದರಲ್ಲಿ ಮೂರು ಜನರ ವಾರದ ಊಟ, ಭಾನುವಾರಕ್ಕೆ ನಾಲ್ಕು.

ಕಾಳಿನ ಅಂಗಡಿಯಲ್ಲಿ ಮೇಲಿನ ಚೆಂದದ ಜೋಳ ನನಗೆ ಬೇಡ, ಗೋಣಿಯ ತಳದ ಒಡಕು ಜೋಳ ಕೊಡಿ ಎಂದೆ. ಅಂಗಡಿಯವ ಕೋಳಿಗೇನು ಎಂದು ಕೇಳಿದ. ಲಿಂಗ ಕಟ್ಟಿಕೊಂಡವಳನ್ನು ಕೋಳಿ ಸಾಕಿದ್ದೀಯಾ ಎಂದು ಕೇಳುವುದೇ! ನಮ್ಮ ಮಾವನವರಿಗೆ ಎಂದೆ. ಅವನು ತಕ್ಕಡಿ ಬಿಟ್ಟು ನಕ್ಕ. ಒಡಕು ಜೋಳ ಅರ್ಧ ಬೆಲೆಗೆ ಸಿಕ್ಕಿತು. ರೊಟ್ಟಿ ಬಡಿಯಲು ಬಾರದವಳಿಗೆ ಇಡೀ ಜೋಳವೇಕೆ? ಬೀಸುಕಲ್ಲಿಗೆ ಒಂದು ಸುತ್ತು ಕೊಟ್ಟರೆ ನುಚ್ಚು, ನುಚ್ಚು ಬೇಯಿಸಿದರೆ ಊಟ.

ಕಾಯಿಪಲ್ಯವನ್ನು ಕೊನೆಗೆ ಕೊಳ್ಳುತ್ತಿದ್ದೆ. ಊರ ಪಕ್ಕದ ಅನಗೋಳದಿಂದ ಬುಟ್ಟಿ ಹೊತ್ತು ಬರುತ್ತಿದ್ದ ಒಬ್ಬ ಮರಾಠಿ ಮುದುಕಿ ಇದ್ದಳು. ಬಿಸಿಲು ಇಳಿಯುತ್ತಿದ್ದಂತೆ ಅವಳಿಗೆ ಊರಿಗೆ ಹೋಗುವ ಅವಸರ, ಸೊಪ್ಪು ಬಾಡುವ ಅಂಜಿಕೆ. ಅತ್ತೆ ಅವಳೊಡನೆ ಕನ್ನಡದಲ್ಲಿ ಜಗಳವಾಡಿ ಕೊಳ್ಳುತ್ತಿದ್ದರಂತೆ. ನಾನು ಮರಾಠಿಯಲ್ಲಿ, ನಮ್ಮ ಖಾನಾಪುರದ ಮರಾಠಿಯಲ್ಲಿ, ಮೊದಲು ಅವಳ ಮೊಣಕಾಲು ನೋವು ಕೇಳಿದೆ. ಆಮೇಲೆ ಸೊಪ್ಪಿನ ಬೆಲೆ ಕೇಳಿದೆ. ರಾಜಗಿರಿ ಸೊಪ್ಪಿನ ಎರಡು ಕಟ್ಟಿಗೆ ಮೂರನೆಯದನ್ನು ಅವಳೇ ಚೀಲಕ್ಕೆ ತುರುಕಿದಳು. ಬೇರು ಕತ್ತರಿಸದೆ ಕೊಡು ಎಂದೆ. ಆ ಬೇರುಗಳನ್ನು ಹಿತ್ತಲಿನಲ್ಲಿ ನೆಟ್ಟರೆ ಮಳೆಗಾಲದಲ್ಲಿ ಎಂಟು ದಿನಕ್ಕೆ ಮತ್ತೆ ಚಿಗುರುತ್ತಿತ್ತು. ಇದು ಅವ್ವ ಕಲಿಸಿದ್ದು. ಮಾವನವರ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಹೆಸರುಕಾಳನ್ನು ಮುಂಚಿನ ದಿನ ನೆನೆಹಾಕಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ, ಒಲೆಯ ಮೇಲಿನ ಗೂಟಕ್ಕೆ ತೂಗುಹಾಕುತ್ತಿದ್ದೆ. ಬೆಳಗಾವಿಯ ಆ ಥಂಡಿ ಮಳೆಯಲ್ಲಿ ಒಲೆಯ ಬಿಸಿ ತಾಗದೆ ಕಾಳು ಮೊಳೆಯುವುದಿಲ್ಲ. ಮೊಳಕೆ ಬಂದದ್ದನ್ನು ಬೇಯಿಸಿ ನೀರು ಬಸಿದು, ಬಸಿದ ಆ ಕಟ್ಟಿನ ನೀರಿಗೆ ಬೆಳ್ಳುಳ್ಳಿ ಜಜ್ಜಿ ಹಾಕಿ, ಹುಣಸೆಯ ಬದಲು ತವರಿನಿಂದ ಬಂದಿದ್ದ ಹುಳಿ ಮುರುಗಲು ಸಿಪ್ಪೆ ಎರಡು ಹಾಕಿದರೆ ಸಾರು. ಉಳಿದ ಕಾಳು, ರಾಜಗಿರಿ ಸೊಪ್ಪು ಸೇರಿದರೆ ಪಲ್ಯ. ಮೆತ್ತಗೆ ಬೆಂದ ನುಚ್ಚು, ಅದರ ಮೇಲೆ ಮಜ್ಜಿಗೆ. ಮಧ್ಯಾಹ್ನದ ಊಟ ಮುಗಿಯಿತು.

ಮಾವನವರಿಗೆ ಹತ್ತು ವರ್ಷದಿಂದ ಹೊಟ್ಟೆಯುರಿ. ಅತ್ತೆಯ ಕೆಂಪು ಚಟ್ನಿ, ಎಣ್ಣೆ ತೇಲುವ ಬದನೆಕಾಯಿ ತಿಂದು ಮಧ್ಯಾಹ್ನವೆಲ್ಲ ಹೊಟ್ಟೆ ಹಿಡಿದು ಕೂರುತ್ತಿದ್ದರು. ಮೊದಲ ದಿನ ನನ್ನ ನುಚ್ಚನ್ನು ನೋಡಿ ಇದೇನು ಬಾಣಂತಿ ಊಟ ಎಂದರು. ಮೂರನೆಯ ದಿನ ಇನ್ನಷ್ಟು ಬಡಿಸಿಕೊಂಡರು. ಎಂಟನೆಯ ದಿನ ಉಂಡು ಎದ್ದು ಹಾಡು ಗುಣುಗುತ್ತ ಕೈ ತೊಳೆದರು. ನಾನು ಬಾಗಿಲ ಹಿಂದೆ ಹಿಗ್ಗಿದೆ. ಹುಚ್ಚಿ! ಪಂಚಮಿಯ ರೈಲು ಇನ್ನಷ್ಟು ಹತ್ತಿರ ಬಂತು ಎಂದುಕೊಂಡೆ.

ಒಂದು ದಿನ ಹಿತ್ತಲಿನಿಂದ ನೀರು ತರುವಾಗ ಅತ್ತೆ ನಡುಮನೆಯಲ್ಲಿ ನಡೆಯುತ್ತಿದ್ದರು. ಎರಡೂ ಕಾಲಿನ ಮೇಲೆ ಭಾರ ಹಾಕಿ, ಬೇಶಾಗಿ. ನನ್ನನ್ನು ಕಂಡೊಡನೆ ಗೋಡೆ ಹಿಡಿದು ಅಯ್ಯಪ್ಪಾ ಎಂದು ಕೂತರು. ನಾನು ಏನೂ ನೋಡದವಳ ಹಾಗೆ ಒಳಗೆ ಹೋದೆ. ಅದೇ ವಾರ ಮಾವ ಕಟ್ಟೆಯ ಮೇಲೆ ನೆರೆಯವರಿಗೆ ಹೇಳುತ್ತಿದ್ದುದು ಕೇಳಿಸಿತು: ಈಕೆ ತವರಿಗೆ ಹೋದರೆ ತಮ್ಮ ಹೊಟ್ಟೆಯ ಗತಿ ಏನು, ಮತ್ತೆ ಆ ಚಟ್ನಿಯೇ ಗತಿ ಎಂದು. ನೆರೆಯವರು ನಕ್ಕರು. ನನ್ನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಆಗ ತಿಳಿಯಿತು ನಾನು ಮಾಡಿದ ತಪ್ಪು. ಬೇರೆ ಸೊಸೆಯಂದಿರು ಅಡುಗೆ ಕೆಡಿಸಿ ಬೈಸಿಕೊಳ್ಳುತ್ತಾರೆ. ನಾನು ಚೆನ್ನಾಗಿ ಮಾಡಿ ಸಿಕ್ಕಿಬಿದ್ದಿದ್ದೆ.

ಪಂಚಮಿಗೆ ನಾಲ್ಕು ದಿನ ಇರುವಾಗ ಅಪ್ಪ ಬಂದ. ಬೆಳಗಿನ ಗಾಡಿಗೆ, ಮಳೆಗೆ ಕಂಬಳಿ ಕೊಪ್ಪೆ ಹಾಕಿಕೊಂಡು, ಬಗಲಲ್ಲಿ ಪಂಚಮಿ ಹಬ್ಬದ ಅರಳಿನ ಗಂಟು. ಕಾಲಿಗೆ ನೀರು ಕೊಡುವಾಗ ಮೆಲ್ಲಗೆ ಹೇಳಿದ:

"ನಿಮ್ಮವ್ವ ಹಲಸಿನ ಗಿಡಕ್ಕ ಪಂಚಮಿ ಜೋಕಾಲಿ ಕಟ್ಸ್ಯಾಳ. ಹೊಸಾ ಹಗ್ಗ."

ಬೀಗರ ಮನೆಗೆ ಬಂದವರು ಬಂದ ಕೆಲಸವನ್ನು ಊಟಕ್ಕೆ ಮೊದಲು ಎತ್ತುವ ರೂಢಿ ಇರಲಿಲ್ಲ. ಮಾವ ಮಧ್ಯಾಹ್ನ ಊಟಕ್ಕೆ ಬರಬೇಕು, ಲಿಂಗಪೂಜೆ ಆಗಬೇಕು, ಇಬ್ಬರೂ ಜೊತೆಗೆ ಉಣ್ಣಬೇಕು, ಆಮೇಲೆ ಮಾತು. ಹಾಗಾಗಿ ನನ್ನ ಕೈಯಲ್ಲಿ ಆ ಬೆಳಗು ಇತ್ತು, ಆ ಅಡುಗೆ ಇತ್ತು.

ಸಾರು ಕುದಿಯುತ್ತಿತ್ತು. ಉಪ್ಪಿನ ಗಡಿಗೆಯ ಮುಚ್ಚಳ ತೆಗೆದೆ. ಒಂದು ಹಿಡಿ ಹರಳುಪ್ಪು ತೆಗೆದುಕೊಂಡೆ. ಇಷ್ಟನ್ನೂ ಹಾಕಿದರೆ ಸಾರು ಬಾಯಿಗೆ ಇಡಲಾಗುವುದಿಲ್ಲ. ಮಾವನ ಮುಖ ಹುಳ್ಳಗಾಗುತ್ತದೆ, ಕರೆದುಕೊಂಡು ಹೋಗ್ರಿ ನಿಮ್ಮ ಮಗಳನ್ನು ಎನ್ನುತ್ತಾರೆ, ಸಂಜೆಯ ಗಾಡಿಯಲ್ಲಿ ನಾನು ಕಿಟಕಿಯ ಪಕ್ಕ ಕೂತಿರುತ್ತೇನೆ. ಎಲ್ಲವೂ ಕಣ್ಣಿಗೆ ಕಟ್ಟಿತು. ಕೈ ಪಾತ್ರೆಯ ಮೇಲೆ ಚಾಚಿದ್ದೆ ಕೂಡ. ಆಗ ಹೊರಗೆ ಅಪ್ಪ ಕೆಮ್ಮಿದ. ಮಳೆಯಲ್ಲಿ ನೆನೆದು ಬಂದ ಕೆಮ್ಮು. ನಸುಕಿಗೆ ಎದ್ದು ಏನೂ ತಿನ್ನದೆ ಹೊರಟಿರುತ್ತಾನೆ, ನನಗೆ ಗೊತ್ತು ಅವನ ಸ್ವಭಾವ. ಮಗಳ ಗಂಡನ ಮನೆಯಲ್ಲಿ, ಮಗಳ ಕೈಯ ಊಟಕ್ಕೆ ಕೂರುವವನಿದ್ದ. ಬಾಯಿಗಿಟ್ಟ ಸಾರು ಉಪ್ಪುಪ್ಪಾಗಿದ್ದರೂ ಅವನು ಉಗುಳುವವನಲ್ಲ, ಬೀಗರ ಮುಂದೆ ತಲೆ ತಗ್ಗಿಸಿ ಎಲ್ಲವನ್ನೂ ನುಂಗುತ್ತಾನೆ.

ಉಪ್ಪನ್ನು ಗಡಿಗೆಗೆ ಸುರಿದು ಬೇಕಾದಷ್ಟೇ ಹಾಕಿದೆ. ಮನಸ್ಸಿಟ್ಟು ಮಾಡಿದೆ. ಹೆಸರುಕಟ್ಟಿನ ಅಂಥ ಸಾರನ್ನು ಅದಕ್ಕೆ ಮೊದಲು ಮಾಡಿರಲಿಲ್ಲ.

ಇಬ್ಬರೂ ಉಂಡರು. ಅಪ್ಪ ಮೂರು ಸಲ ನುಚ್ಚು ಹಾಕಿಸಿಕೊಂಡ. ಎಲೆ ಅಡಿಕೆಗೆ ಕೂತಮೇಲೆ ಅಪ್ಪ ಗಂಟಲು ಸರಿಮಾಡಿಕೊಂಡು ಪಂಚಮಿಯ ಮಾತು ಎತ್ತಿದ. ನಾನು ಬಾಗಿಲ ಹಿಂದೆ ನಿಂತಿದ್ದೆ. ಮಾವ ಇಲ್ಲ ಎನ್ನಲಿಲ್ಲ. ಅಷ್ಟು ಒರಟು ಮನುಷ್ಯನಲ್ಲ. ಅವರು ಹೊಗಳಿದರು.

"ಬೀಗರ, ಹತ್ತ ವರ್ಷದ ಹೊಟ್ಟಿಬ್ಯಾನಿ ನಿಮ್ಮ ಮಗಳ ಕೈಯಾಗಿನ ಊಟದಿಂದ ಹೋತು. ಮನಿಯಾಕಿ ಕಾಲು ಇನ್ನೂ ನೆಟ್ಟಗಿಲ್ಲ. ಈಕಿನ್ನ ಕಳಿಸಿ ನಾವು ಹ್ಯಾಂಗ ಇರೂಣು, ನೀವ ಹೇಳ್ರಿ."

ಸಂದಿನಿಂದ ಅಪ್ಪನ ಮುಖ ಕಾಣುತ್ತಿತ್ತು. ಅದು ಅರಳಿತು. ನನ್ನ ಮದುವೆಯ ದಿನವೂ ಅವನ ಮುಖ ಅಷ್ಟು ಅರಳಿರಲಿಲ್ಲ. ಅವನು ಸೋಲುತ್ತಿದ್ದಾನೆಂದು ಅವನಿಗೇ ತಿಳಿಯಲಿಲ್ಲ.

"ನಮ್ಮ ಹುಡುಗಿ ನಿಮ್ಮ ಮನಿಗೆ ಆದ್ಲು ಅಂದ್ರ ನಮಗ ಇನ್ನೇನ ಬೇಕ್ರಿ. ಇರ್ಲಿ ಬಿಡ್ರಿ. ಬರೂ ವರ್ಷ ಬರ್ತೀನಿ" ಎಂದ.

ಹೋಗುವಾಗ ಅರಳಿನ ಗಂಟನ್ನು ನನ್ನ ಕೈಗೆ ಕೊಟ್ಟು, ನಮ್ಮ ಮನಿಗೆ ಒಳ್ಳೆ ಹೆಸರು ತಂದಿ ಎಂದ. ಅವನ ಮೇಲೆ ಕೂಗಬೇಕೆನ್ನಿಸಿತು. ಬಾಗಿ ಕಾಲಿಗೆ ನಮಸ್ಕಾರ ಮಾಡಿದೆ. ಓಣಿಯ ತಿರುವಿನಲ್ಲಿ ಕಂಬಳಿ ಕಾಣದಾಯಿತು.

ಎಲ್ಲರದೂ ಆದ ಮೇಲೆ ನಾನು ಊಟಕ್ಕೆ ಕೂತೆ. ಪಾತ್ರೆಯ ತಳದ ನುಚ್ಚು, ಒಂದು ಸೌಟು ಸಾರು. ಹಾಳಾದ್ದು, ಬಹಳ ಚೆನ್ನಾಗಿತ್ತು. ಅಳು ಬಂತು. ಅತ್ತೆ ಒಳಗೆ ಬಂದು ಒಲೆಯ ಹತ್ತಿರ ಕೂತರು.

"ಉಪ್ಪಿನ ಗಡಿಗಿ ಮುಂದ ನಿಂತಿದ್ದಿ. ನಾ ನೋಡೀನಿ" ಎಂದರು.

ನಾನು ನುಚ್ಚಿಗೆ ಸಾರು ಕಲಸಿದೆ.

"ಹಾಕೇ ಬಿಡ್ತಿ ಅಂದ್ಕೊಂಡಿದ್ದೆ."

"ಅಪ್ಪ ಉಣ್ಣಾಂವ ಇದ್ದನಲ್ರಿ" ಎಂದೆ.

ಅತ್ತೆ ಒಲೆಯ ಕೆಂಡವನ್ನು ಕೆದಕಿದರು.

"ನಮ್ಮಪ್ಪನೂ ಒಮ್ಮೆ ಹಿಂಗ ಕರಿಯಾಕ ಬಂದು ಉಣ್ಣಾಕ ಕುಂತಿದ್ದ. ನನಗೂ ಕೈ ಬರ್ಲಿಲ್ಲ."

ಅಷ್ಟು ಹೇಳಿ ಎದ್ದು, ಖಾಲಿ ಪಾತ್ರೆ ಎತ್ತಿಕೊಂಡು ಹಿತ್ತಲಿಗೆ ಹೋದರು. ಗೋಡೆ ಹಿಡಿಯಲಿಲ್ಲ, ಕುಂಟಲಿಲ್ಲ. ನಾನು ನೋಡುತ್ತಿದ್ದೇನೆಂದು ಅವರಿಗೆ ಗೊತ್ತಿತ್ತು. ಅವರ ಮೇಲೆ ಕನಿಕರ ಬರಬೇಕಿತ್ತು ಎಂದು ಈಗ ಅನ್ನಿಸುತ್ತದೆ. ಅಂದು ಬರಲಿಲ್ಲ. ಗೊತ್ತಿದ್ದೂ ಮಾವನ ಮುಂದೆ ಬಾಯಿ ಬಿಡಲಿಲ್ಲವಲ್ಲ, ಆ ನೆಟ್ಟಗಿನ ಕಾಲನ್ನು ಅಪ್ಪ ಇರುವಾಗ ತೋರಿಸಲಿಲ್ಲವಲ್ಲ ಎಂದು ಮೈಯೆಲ್ಲ ಉರಿಯಿತು.

ಆ ವರ್ಷ ಹಲಸಿನ ಮರದ ಹಗ್ಗವನ್ನು ಯಾರೂ ಜೀಕದೆ ಬಿಚ್ಚಿದರಂತೆ. ಅದನ್ನು ಅವ್ವ ಎಷ್ಟೋ ಕಾಲದ ನಂತರ ಹೇಳಿದಳು. ಅಂದು ಸಂಜೆ ಲೋಂಡಾ ಕಡೆಯ ಗಾಡಿಯ ಸೀಟಿ ಕೇಳಿದಾಗ ನಾನು ಎಣಿಸಲಿಲ್ಲ. ನಾಳೆಗೆ ಹೆಸರುಕಾಳು ನೆನೆಹಾಕುತ್ತಿದ್ದೆ.