ಮರ ಕಡಿಯೋ ಸರ್ಕಾರ

ಇಪ್ಪತ್ತು ವರ್ಷದಿಂದ ಕಲಬುರಗಿಯ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಕಲಿಸುತ್ತಿದ್ದೇನೆ. ಆದರೆ ಬೇಕಾದಾಗ ಸರ್ಕಾರ ಎಲ್ಲಿ ಸಿಗುತ್ತದೆಂಬುದು ನನಗೆ ಗೊತ್ತಿಲ್ಲ. ದಯವಿಟ್ಟು ಇದನ್ನು ನನ್ನ ವಿದ್ಯಾರ್ಥಿಗಳಿಗೆ ಹೇಳಬೇಡಿ.

ಈ ಅಜ್ಞಾನ ಬಯಲಾದದ್ದು ಅಕ್ಕನ ಫೋನಿನಿಂದ. ಅಕ್ಕ ಕಮಲಾಪುರದ ಹತ್ತಿರದ ಹಳ್ಳಿಯಲ್ಲಿ ಅಂಗನವಾಡಿ ಕಾರ್ಯಕರ್ತೆ.

“ತಮ್ಮಾ, ಹೆದ್ದಾರಿ ಬಾಜೂಕಿನ ಬೇವಿನಮರ ಅಂಗನವಾಡಿ ಮ್ಯಾಲ ಬಾಗ್ಯಾದ. ಬುಡ ಸೀಳ್ಯಾದ. ದಿನಾ ಸರ್ಕಾರದ ಪಾಠ ಹೇಳ್ತಿ, ಇದನ್ನ ಕಡಿಯೋದು ಯಾವ ಸರ್ಕಾರ ಹೇಳು.”

ಪಾಠದಲ್ಲಿ ಇದು ಸುಲಭ. ರಾಷ್ಟ್ರೀಯ ಹೆದ್ದಾರಿ ಕೇಂದ್ರಪಟ್ಟಿ, ಪಂಚಾಯಿತಿ ರಾಜ್ಯಪಟ್ಟಿ, ಅರಣ್ಯ ಮತ್ತು ವಿದ್ಯುತ್ತು ಸಮವರ್ತಿ ಪಟ್ಟಿ. ಬೇವಿನಮರ ಮೂರರಲ್ಲೂ ಬೇರು ಬಿಟ್ಟಿತ್ತು. ಮೂರು ದಿನ ಕಚೇರಿಯಿಂದ ಕಚೇರಿಗೆ ಅಲೆದೆ. ಹೆದ್ದಾರಿಯವರು ಮರ ತಮ್ಮ ಗಡಿಯಾಚೆಗಿದೆ ಎಂದರು. ಅರಣ್ಯದವರು ಜಾಗದ ಒಡೆಯರ ಅರ್ಜಿ ಕೇಳಿದರು. ಪಂಚಾಯಿತಿಯವರು ಮೊದಲು ಕೊಂಬೆಗೆ ತಾಗಿದ ತಂತಿಯ ಕರೆಂಟು ತೆಗೆಸಿ ಎಂದರು. ಕರೆಂಟಿನವರು ಕಡಿಯುವ ಆದೇಶ ತೋರಿಸಿ ಎಂದರು. ಯಾರೂ ಒರಟಾಗಿ ಮಾತಾಡಲಿಲ್ಲ, ಯಾರೂ ಸುಳ್ಳು ಹೇಳಲಿಲ್ಲ. ನನ್ನ ಭಯ ಹೆಚ್ಚಿದ್ದು ಅದಕ್ಕೇ.

ಕಲಬುರಗಿಯ ಐವಾನ್-ಎ-ಶಾಹಿ ಬಡಾವಣೆಯ ನಮ್ಮ ಮನೆಯೆದುರು ಎಲೆ ಅಲುಗಿದರೂ ಅಕ್ಕನಿಗೆ ಫೋನು: “ಅಲ್ಲಿ ಗಾಳಿ ಹ್ಯಾಂಗದ?” ನಾಲ್ಕನೆಯ ದಿನ ರಜೆ ಹಾಕಿ, ಅರ್ಜಿ ಬರೆದುಕೊಂಡು ಹೊರಟೆ. ಬಸ್ಸು ಅರ್ಧ ದಾರಿಯಲ್ಲಿರುವಾಗಲೇ ಧೂಳೆದ್ದಿತು. ಅಕ್ಕ ಫೋನು ಎತ್ತಲಿಲ್ಲ. ಇಳಿದು ಓಡಿದೆ.

ಮರ ಅಂಗನವಾಡಿಯ ತಗಡಿನ ಮೇಲೆ ಬಿದ್ದಿತ್ತು. “ಅಕ್ಕಾ!” ಎಂದು ಕೂಗಿದೆ.

ಅಷ್ಟರಲ್ಲಿ ಎದುರು ಮನೆಯಿಂದ ಮಕ್ಕಳ ಗದ್ದಲ ಕೇಳಿಸಿತು. ಹದಿನೆಂಟು ಮಕ್ಕಳೂ ಪಡಸಾಲೆಯಲ್ಲಿ ಸಾಲಾಗಿ ಕೂತು ಉಪ್ಪಿಟ್ಟು ತಿನ್ನುತ್ತಿದ್ದರು.

“ನಿನಗ ಫೋನ್ ಮಾಡಿದ ದಿನಾನೇ ಇಲ್ಲಿ ತಂದು ಕೂಡ್ಸೀನಿ. ರತ್ನಾಬಾಯಿ ಪಡಸಾಲಿ ಖಾಲಿ ಮಾಡಿಕೊಟ್ಟಾಳ,” ಎಂದಳು ಅಕ್ಕ.

“ನನಗ ಹೇಳಬಾರದಾ ಅಕ್ಕಾ?”

“ಹೇಳಿದ್ರ ನೀ ಓಡಾಡೋದು ಬಿಡ್ತಿದ್ದಿ.”

ಮಧ್ಯಾಹ್ನ ನಾಲ್ಕೂ ಇಲಾಖೆಯವರು ಒಟ್ಟಿಗೆ ಬಂದರು. ಯಾರೂ ಯಾರ ಆದೇಶವನ್ನೂ ಕೇಳಲಿಲ್ಲ. ತಾಸಿನೊಳಗೆ ಮರ ತುಂಡಾಯಿತು.

ಅವರಲ್ಲಿ ಹಿರಿಯರೊಬ್ಬರು ಅಂಗನವಾಡಿಯೊಳಗೆ ನಿಂತು, ನಜ್ಜುಗುಜ್ಜಾದ ತಗಡು ನೋಡಿ ಕೇಳಿದರು, “ಹುಡುಗ್ರು ಎಲ್ಲಿ ಕೂಡ್ತಿದ್ರು ಅಮ್ಮಾ?”

“ನೀವು ನಿಂತಲ್ಲೇ ರೀ.”

ಅವರು ಸರಕ್ಕನೆ ಹಿಂದೆ ಸರಿದರು. ಪಡಸಾಲೆಯತ್ತ ತಿರುಗಿ, ತುಟಿ ಅಲುಗಿಸುತ್ತ ಮಕ್ಕಳನ್ನು ಒಂದೊಂದಾಗಿ ಎಣಿಸಿದರು. ಆಮೇಲೆ ಕಟ್ಟೆಯ ಮೇಲೆ ಕುಸಿದು ಕೂತರು. ಅಕ್ಕ ಕೊಟ್ಟ ಚಹಾದ ಕಪ್ಪು ಅವರ ಕೈಯ ಬಸಿಯೊಳಗೆ ಗಡಗಡ ಸದ್ದು ಮಾಡಿತು.

ಸರ್ಕಾರಕ್ಕೂ ಕೈ ನಡುಗುತ್ತದೆಂದು ಯಾವ ಪಠ್ಯದಲ್ಲೂ ಬರೆದಿಲ್ಲ. ನಾನು ಅವರ ಪಕ್ಕದಲ್ಲಿ ಹೋಗಿ ಕೂತೆ.