ಅತ್ತೆಯ ಬಸಳೆಗೆ ಸೋಪಿನ ಸ್ನಾನ

ಮೂರು ವಾರದ ಹಿಂದೆ ನಾನು ಒಂದು ಕೊಲೆಗೆ ಕೈ ಹಾಕಿದ್ದೆ. ಆಯುಧ, ಪಾತ್ರೆ ತೊಳೆಯುವ ಸೋಪು ಮತ್ತು ಸ್ಪಂಜು!

ಬಲಿಯಾದದ್ದು ಅತ್ತೆಯ ಬಸಳೆ. ಅತ್ತೆ ವಿಸಿಟ್ ವೀಸಾದಲ್ಲಿ ದೋಹಾಕ್ಕೆ ಬಂದಾಗ ಉಡುಪಿಯಿಂದ ಒಂದು ಗೇಣು ಬಳ್ಳಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಸೀರೆಗಳ ನಡುವೆ ಇಟ್ಟು ತಂದಿದ್ದರು. (ಏರ್‌ಪೋರ್ಟಿನಲ್ಲಿ ಯಾರೂ ಕೇಳಲಿಲ್ಲವಂತೆ. ಕೇಳಿದ್ದರೆ ತೆಂಗಿನಕಾಯಿ ಅರೆದು ಬಸಳೆ ಗಸಿ ಮಾಡುವ ಕ್ರಮ ಹೇಳಿಕೊಡುತ್ತಿದ್ದರು.) ದೋಹಾದ ನಡುವಿನ ಬಿನ್ ಮಹಮೂದ್‌ನ ನಮ್ಮ ಬಾಲ್ಕನಿಯ ಬಕೆಟಿನಲ್ಲಿ ಅದು ಸರಳಿಗೆ ಹಬ್ಬಿತು.

ಅತ್ತೆಗೆ ಇಲ್ಲಿದ್ದ ಮೂರು ತಿಂಗಳು ಎರಡೇ ಕೆಲಸ. ಬಸಳೆಗೆ ನೀರು, ಮೊಮ್ಮಗಳು ಚಿನ್ನುವಿಗೆ ತೆಂಗಿನೆಣ್ಣೆ. ಏಸಿಯಲ್ಲಿ ಮಗುವಿನ ಕಾಲು ಬಿರಿಯುತ್ತದೆಂದು ದಿನಾ ತಿಕ್ಕುವರು. ಎಣ್ಣೆ ವಾಸನೆಗೆ ಸ್ಕೂಲಿನಲ್ಲಿ ನಗುತ್ತಾರೆಂದು ನಾನು ಎರಡೆರಡು ಸಲ ಸೋಪು ಹಚ್ಚಿ ತೊಳೆಯುವೆ. ಮರುದಿನ ಅತ್ತೆ ಬಚ್ಚಲುಮನೆಯಿಂದ ಮತ್ತೆ ಎಣ್ಣೆ ಬಾಟಲಿ ತರುವರು.

ಊರಿಗೆ ಹೋದ ಮೇಲೆ ಪ್ರತಿ ಶುಕ್ರವಾರ ನಾನು ಕಾಲಿಂಗ್ ಕಾರ್ಡಿನ ನಂಬರು ಗೀರಿ ತೆಗೆದು ಫೋನ್ ಮಾಡಿದರೆ ಅವರ ಮೊದಲ ಪ್ರಶ್ನೆ ಬಸಳೆಯದ್ದು. ಮಗನ ಸರದಿ ಕೊನೆಗೆ.

ಹಾಗಿರುವಾಗ ಬಂತು ಧೂಳುಗಾಳಿ. ಎಲೆಗಳೆಲ್ಲ ಮಣ್ಣು ಬಣ್ಣ. ಸ್ವಚ್ಛತೆಯ ಭೂತ ಹಿಡಿದ ನಾನು ಒಂದೊಂದೇ ಎಲೆಯನ್ನು ಸೋಪು ಹಾಕಿ ಉಜ್ಜಿದೆ. ಫಳಫಳ! ಮೂರನೆಯ ದಿನ ಅಂಚು ಕಂದಿತು, ಐದನೆಯ ದಿನ ಎಲೆಗಳು ಜೋತುಬಿದ್ದವು.

“ಬಸಳೆ ಹೇಗುಂಟು?” ಆ ಶುಕ್ರವಾರ ಫೋನಿನಲ್ಲಿ ಅತ್ತೆ ಕೇಳಿದರು.

“ಚೆನ್ನಾಗುಂಟು ಅತ್ತೆ.”

“ಗಸಿ ಮಾಡಿದ್ಯಾ?”

“ಮಾಡಿದೆ.” ಒಂದೇ ಕರೆಯಲ್ಲಿ ಎರಡು ಸುಳ್ಳು.

ಮೇಲಿನ ಫ್ಲಾಟಿನ ಗ್ರೇಸಿ ಟೀಚರನ್ನು ಕರೆತಂದೆ. ಉಡುಪಿ ಹತ್ತಿರದ ಶಿರ್ವದವರು, ಇಲ್ಲಿ ಬಯಾಲಜಿ ಹೇಳಿಕೊಡುತ್ತಾರೆ. ನೋಡಿದವರೇ ತಲೆ ಚಚ್ಚಿಕೊಂಡರು.

“ಎಂತ ಮಾಡಿದ್ರಿ ಮಾರಾಯ್ರೆ? ಎಲೆ ಮೇಲೆ ಮೇಣದ ಪದರ ಉಂಟು. ಒಳಗಿನ ನೀರು ಆರದ ಹಾಗೆ ಕಾಯುವುದೇ ಅದು. ನೀವು ಅದನ್ನೇ ತಿಕ್ಕಿ ತೆಗ್ದಿದ್ದೀರಿ!”

“ನೀರು ಬೇಕಾದಷ್ಟು ಹಾಕ್ತಿದ್ದೇನೆ ಟೀಚರ್.”

“ಹಾಕಿದ್ದು ಉಳಿಯುವುದು ಬೇಡ್ವಾ? ಜಿರಲೆಗೆ ಸೋಪು ನೀರು ಹೊಡೀತೀರಲ್ಲ, ಅದರ ಮೈಮೇಲೂ ಮೇಣವೇ. ಅದಿಲ್ಲದಿದ್ರೆ ಈ ಬಿಸಿಲಿಗೆ ಜಿರಲೆ ಹಪ್ಪಳ ಆಗ್ತಿತ್ತು.”

ಜಿರಲೆಯ ಮೇಲೆ ನನಗೆ ಜೀವಮಾನದಲ್ಲಿ ಮೊದಲ ಸಲ ಗೌರವ ಬಂತು. ಊರ ಹೊರಗೆ ಐನ್ ಖಾಲಿದ್ ಕಡೆ ಹೋಗುವಾಗ ಕಾಣುವ ಬಡಕಲು ಮುಳ್ಳುಗಿಡಗಳನ್ನೂ ನೆನೆದೆ. ಎಲೆಯನ್ನೇ ಚಿಕ್ಕದು ಮಾಡಿಕೊಂಡು, ಸಿಕ್ಕಿದ ಹನಿಯನ್ನು ಜೋಪಾನ ಮಾಡುತ್ತವೆ. ನಾವು ಕರಾವಳಿಯವರು ನೋಡಿ, ನಮಗೆ ಗೊತ್ತಿರುವುದು ನೀರು ಸುರಿಯುವುದು ಮಾತ್ರ. ಉಳಿಸುವ ವಿದ್ಯೆಯನ್ನು ಯಾರು ಕಲಿಸಿದ್ದಾರೆ?

ಮುಂದಿನ ಶುಕ್ರವಾರ ಅತ್ತೆಯ ಹತ್ತಿರ ಅಳುತ್ತಲೇ ಎಲ್ಲ ಒಪ್ಪಿಕೊಂಡೆ. ಆ ಕಡೆಯಿಂದ ಬಂದದ್ದು ಒಂದೇ ಪ್ರಶ್ನೆ.

“ದಂಟು ಹಸಿ ಉಂಟಾ?”

“ಉಂಟು.”

“ಹಾಗಾದ್ರೆ ಬರ್ತದೆ. ಒಣಗಿದ ಎಲೆ ಚಿವುಟು, ನೆರಳಲ್ಲಿಡು. ಅಳ್ಬೇಡ ಮಗಾ.” ಆಮೇಲೆ ಮೆಲ್ಲಗೆ ಕೇಳಿದರು: “ಚಿನ್ನುವಿನ ಕಾಲು ಹೇಗುಂಟು? ಬಿರಿದದ್ದು ಕಡಿಮೆ ಆಯ್ತಾ?”

ನಿನ್ನೆ ಗೆಣ್ಣಿನಲ್ಲಿ ಒಂದು ಚಿಗುರು ಕಂಡಿದೆ. ಎಣ್ಣೆ ಬಾಟಲಿ ಬಚ್ಚಲುಮನೆಗೆ ವಾಪಸಾಗಿದೆ.

ಬಸಳೆಯ ಮೇಣ ತೊಳೆದದ್ದಕ್ಕೇನೋ ಕ್ಷಮೆ ಸಿಕ್ಕಿತು. ಮೂರು ತಿಂಗಳು ಅತ್ತೆ ಹಚ್ಚಿದ ಎಣ್ಣೆಯನ್ನು ಅವರ ಕಣ್ಣೆದುರೇ ತೊಳೆದೆನಲ್ಲ, ಅದಕ್ಕೆ ಯಾವ ಶುಕ್ರವಾರ ಕ್ಷಮೆ ಕೇಳಲಿ?