ಒಂದು ‘ಹೌದು’, ನಾಲ್ಕು ಬಾವಿ

ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ. ಒಲೆಯ ನೆತ್ತಿಯ ಮೇಲಿದ್ದ ಗಡಿಯಾರದಲ್ಲಿ ನೋಡಿದ್ದೆ. ಆ ಹೊತ್ತನ್ನು ಆಮೇಲೆ ಎಷ್ಟು ಜನ, ಎಷ್ಟು ಸಲ ಕೇಳಿದರೋ ಲೆಕ್ಕವಿಲ್ಲ. ಕೇಳದಿದ್ದರೂ ನಾನು ಮರೆಯುತ್ತಿರಲಿಲ್ಲ.

ಚಳಿಗಾಲ. ಅಡುಗೆಮನೆಯ ಕಿಟಕಿಗಳೆಲ್ಲ ಮುಚ್ಚಿದ್ದವು. ದೊಡ್ಡ ಪಾತ್ರೆಯಲ್ಲಿ ಕುಡಿಯುವ ನೀರು ಕುದಿಯುತ್ತಿತ್ತು. ಮೂರು ವರ್ಷದ ಮಗಳು ಒಲೆಯ ಪಕ್ಕ ಎತ್ತರದ ಸ್ಟೂಲಿನ ಮೇಲೆ ಕೂತು ಹಾಲಿಗೆ ಕಾಯುತ್ತಿದ್ದಳು. ಆವಿಯಲ್ಲಿ ಒಂದು ಸಿಹಿ ವಾಸನೆ ಬಂತು. ಹೂವಿನದಲ್ಲ, ಹಣ್ಣಿನದಲ್ಲ. ಮೈಸೂರಿನಲ್ಲಿ ಕೆಮಿಸ್ಟ್ರಿ ಎಂ.ಎಸ್ಸಿ. ಮಾಡುವಾಗ ಗಾಜಿನ ಸಾಮಾನಿನ ಜಿಡ್ಡು ತೆಗೆಯಲು ಬಳಸುತ್ತಿದ್ದ ದ್ರಾವಕದ ವಾಸನೆ. ‘ಲ್ಯಾಬಿನ ವಾಸನೆ ನನ್ನ ಅಡುಗೆಮನೆಗೆ ಯಾಕೆ ಬಂತು?’ ಅಂದುಕೊಳ್ಳುತ್ತ ತಿರುಗಿದರೆ ಮಗಳು ಕಟ್ಟೆಯ ಮೇಲೆ ತಲೆ ಇಟ್ಟಿದ್ದಳು. ಕರೆದೆ. ಏಳಲಿಲ್ಲ. ಅಲುಗಿಸಿದೆ. ಏಳಲಿಲ್ಲ. ನನಗೂ ತಲೆ ಸುತ್ತುತ್ತಿತ್ತು. ಅವಳನ್ನು ಹೊತ್ತುಕೊಂಡು ಬರಿಗಾಲಲ್ಲಿ ಹಿತ್ತಲಿನ ಹಿಮಗಟ್ಟಿದ ಹುಲ್ಲಿಗೆ ಓಡಿದೆ. ಹೊರಗಿನ ಗಾಳಿ ತಾಗಿ ಅವಳು ಕೆಮ್ಮಿ, ವಾಂತಿ ಮಾಡಿ, ಅಳುವುದಕ್ಕೆ ಶುರು ಮಾಡಿದಳು. ಮಗುವಿನ ಅಳು ಕೇಳಿ ಅಷ್ಟು ಸಂತೋಷ ನನಗೆ ಇನ್ಯಾವತ್ತೂ ಆಗಿಲ್ಲ.

ನಾವಿದ್ದದ್ದು ನಾರ್ತ್ ಕೆರೊಲಿನಾದಲ್ಲಿ, ಡರ್ಹಮ್‌ನಿಂದ ಅರ್ಧ ಗಂಟೆ ದೂರದ ಒಂದು ಹಳ್ಳಿ ರಸ್ತೆಯಲ್ಲಿ. ನನ್ನ ಗಂಡ ಆಸ್ಪತ್ರೆಯಲ್ಲಿ ಡಾಕ್ಟರು. ಆ ಬೆಳಿಗ್ಗೆ ಡ್ಯೂಟಿಯಲ್ಲಿದ್ದರು. ರಸ್ತೆಗೆ ನಾಲ್ಕು ಮನೆ, ನಾಲ್ಕಕ್ಕೂ ಸ್ವಂತ ಬಾವಿ, ಬಾವಿಯಿಂದ ಪಂಪಿನಲ್ಲಿ ನಲ್ಲಿಗೆ ನೀರು. ಮನೆಗಳ ಹಿಂದೆ ಪೈನ್ ಮರಗಳು, ಅವುಗಳ ಹಿಂದೆ ಹಿಂದೆಂದೋ ರಸ್ತೆ ಕೆಲಸಕ್ಕೆ ಮಣ್ಣು ತೆಗೆದ ಹೊಂಡ. ಆ ಹೊಂಡಕ್ಕೆ ಹೋಗುವ ಟ್ಯಾಂಕರುಗಳನ್ನು ನಾನು ನೋಡಿದ್ದೆ. ಯಾರದೋ ಮನೆಯ ಕಕ್ಕಸು ಗುಂಡಿ ಬಳಿದು ತರುತ್ತಾರೆ ಅಂದುಕೊಂಡಿದ್ದೆ. ಅವು ತರುತ್ತಿದ್ದದ್ದು ಹತ್ತು ಮೈಲಿ ಆಚೆಯ ಕಾರ್ಖಾನೆಯಲ್ಲಿ ಲೋಹದ ಬಿಡಿಭಾಗಗಳ ಜಿಡ್ಡು ತೊಳೆದು ಉಳಿದ ದ್ರಾವಕವನ್ನು.

ನನ್ನನ್ನು ಇವತ್ತಿಗೂ ಕೊರೆಯುವುದು ಒಂದೇ ವಿಷಯ. ಆ ರಸ್ತೆಯಲ್ಲಿ ಕುಡಿಯುವ ನೀರನ್ನು ಕಾಯಿಸುತ್ತಿದ್ದವಳು ನಾನೊಬ್ಬಳೇ. ನೀರು ಕಾಯಿಸಿ, ಆರಿಸಿ, ಸೋಸಿ ಕೊಡದಿದ್ದರೆ ಅವಳೆಂಥ ತಾಯಿ ಎಂದು ಕೇಳುವ ಮನೆಯಲ್ಲಿ ಬೆಳೆದವಳು. ಹುಳುವನ್ನು ಕೊಲ್ಲುವ ಬೆಂಕಿ ಈ ವಿಷವನ್ನು ಕೊಲ್ಲುವುದಿಲ್ಲ, ನೀರಿನಿಂದ ಬಿಡಿಸಿ ಗಾಳಿಗೆ ಕೊಡುತ್ತದೆ. ಶುದ್ಧ ಮಾಡುತ್ತೇನೆಂದುಕೊಂಡು ಮುಚ್ಚಿದ ಕೋಣೆಯಲ್ಲಿ ಮಗಳ ಮೂಗಿನ ಕೆಳಗೇ ಅದನ್ನು ಕುದಿಸಿದ್ದೆ. ಓದಿದ್ದು ಕೆಮಿಸ್ಟ್ರಿ! ಆ ದಿನದಿಂದ ರಾತ್ರಿ ಎರಡೆರಡು ಗಂಟೆಗೆ ಎದ್ದು ಅವಳ ಮೂಗಿನ ಹತ್ತಿರ ಬೆರಳು ಹಿಡಿದು ನೋಡುವುದು ಅಭ್ಯಾಸವಾಯಿತು. ಗಂಡ ಮೊದಮೊದಲು, “ಮಲಗೇ, ಉಸಿರಾಡ್ತಿದಾಳೆ, ನಾನು ಚೆಕ್ ಮಾಡಿದೀನಿ” ಅನ್ನುತ್ತಿದ್ದರು. ಆಮೇಲೆ ಅವರೂ ಎದ್ದು ಕೂರತೊಡಗಿದರು.

ನಾವು ದೂರು ಕೊಟ್ಟ ಮೇಲೆ ಕೌಂಟಿಯ, ಅಂದರೆ ಜಿಲ್ಲೆಯ, ಆರೋಗ್ಯ ಇಲಾಖೆಯವರು ನೀರಿನ ಸ್ಯಾಂಪಲ್ ಒಯ್ದರು. ತಿಂಗಳುಗಳಾದ ಮೇಲೆ ಒಂದು ಕಾಗದ ಬಂತು: ಈ ನೀರನ್ನು ಕುಡಿಯಬೇಡಿ. ಅಷ್ಟೇ. ಮತ್ತೇನು ಕುಡಿಯಬೇಕು, ಯಾರು ತಂದುಕೊಡುತ್ತಾರೆ, ಹೊಂಡವನ್ನು ಯಾರು ಬಗೆಯುತ್ತಾರೆ, ಒಂದಕ್ಷರವೂ ಇಲ್ಲ. ಕಾರ್ಖಾನೆಯವರನ್ನು ಕೇಳಿದರೆ, ‘ನಾವು ಸಾಗಿಸುವವರಿಗೆ ಒಪ್ಪಿಸಿದ ಮೇಲೆ ಅದು ನಮ್ಮದಲ್ಲ.’ ಟ್ಯಾಂಕರಿನವನನ್ನು ಕೇಳಿದರೆ, ‘ಜಮೀನಿನವನು ಸುರಿಯಲು ಒಪ್ಪಿದ್ದ.’ ಜಮೀನಿನವನನ್ನು ಕೇಳಿದರೆ, ‘ಅದು ಕೊಳಚೆ ನೀರು ಅಂತ ನನಗೆ ಹೇಳಿದ್ದರು.’ ಒಬ್ಬರ ಮೇಲೊಬ್ಬರು ಎತ್ತಿ ಹಾಕುತ್ತಲೇ ಹೋದರು. ವಿಷ ಮಾತ್ರ ಯಾರ ಮೇಲೂ ಎತ್ತಿ ಹಾಕದೆ ನೇರವಾಗಿ ನಮ್ಮ ಬಾವಿಗೆ ಇಳಿಯುತ್ತಿತ್ತು.

ಪಕ್ಕದ ಮನೆಯಲ್ಲಿ ಒಬ್ಬ ಕರಿಯ ಮುದುಕಿ ಇದ್ದರು. ನಿವೃತ್ತ ಸ್ಕೂಲ್ ಟೀಚರ್, ಗಂಡ ತೀರಿಕೊಂಡು ಬಹಳ ವರ್ಷ. ಅವರ ಬಾವಿ ಹೊಂಡಕ್ಕೆ ನಮ್ಮದಕ್ಕಿಂತ ಹತ್ತಿರ. ದಿನಾ ತಮ್ಮ ಚರ್ಚಿನಿಂದ ಕ್ಯಾನುಗಳಲ್ಲಿ ನೀರು ತುಂಬಿಸಿಕೊಂಡು ಬರುತ್ತಿದ್ದರು. “ನಿಂಗೆ ಬೇರೆ ಮನೆ ಸಿಗುತ್ತೆ ಮಗೂ,” ಅಂದರು ಒಂದು ದಿನ ಬೇಲಿಯ ಹತ್ತಿರ. “ನನ್ನ ಮನೇನ ಯಾರು ತಗೋತಾರೆ? ಇಲ್ಲೇ ಇರಬೇಕು ನಾನು. ನನಗೆ ನೀರು ಬೇಕು, ಅಷ್ಟೇ.” ಕೇಸು ಹಾಕೋಣ ಎಂದು ಮೊದಲು ಹೇಳಿದ್ದು ಅವರೇ. ಹೊಂಡ ಬಗೆಯುವ ಖರ್ಚು, ಪಟ್ಟಣದ ನೀರಿನ ಪೈಪನ್ನು ನಮ್ಮ ರಸ್ತೆಗೆ ಎಳೆಯುವ ಖರ್ಚು, ಎರಡನ್ನೂ ಹೊಲಸು ಮಾಡಿದವರೇ ಕೊಡಬೇಕು, ಬೇರೇನೂ ಬೇಡ.

ಆ ವರ್ಷ ಯುಗಾದಿಗೆ ವಾಷಿಂಗ್ಟನ್ ಹತ್ತಿರದ ಒಂದು ಸ್ಕೂಲಿನ ಹಾಲ್‌ನಲ್ಲಿ ಕನ್ನಡದವರು ಸೇರಿದ್ದರು. ಐದು ಗಂಟೆ ಡ್ರೈವ್ ಮಾಡಿ ಹೋದೆವು. ನಮಗಿಂತ ಮೊದಲೇ ಬಂದು ನೆಲೆಸಿದ್ದ ಒಬ್ಬ ಹಿರಿಯ ಡಾಕ್ಟರು ಹೋಳಿಗೆ ಮುರಿಯುತ್ತ, “ಕೋರ್ಟು ಗೀರ್ಟು ನಮಗ್ಯಾಕಮ್ಮ? ನಾವು ಬಂದೋರು. ಮನೆ ಸೇಲ್ ಮಾಡ್ಬಿಟ್ಟು ಮೂವ್ ಮಾಡ್ರಿ,” ಅಂದರು.

“ಯಾರಿಗೆ ಅಂಕಲ್?” ಅಂದೆ.

“ಏನ್ ಯಾರಿಗೆ?”

“ಯಾರಿಗೆ ಸೇಲ್ ಮಾಡೋದು? ಯಾರ ಮಗೂಗೆ ಆ ನೀರು ಕುಡ್ಸೋದು?”

ಅವರ ಹೆಂಡತಿ ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿದರು. ಕೆಟ್ಟವರಲ್ಲ. ಆದರೆ ಬಂದವರು ಬಾಯಿ ಮುಚ್ಚಿಕೊಂಡಿರಬೇಕೆಂಬ ಆ ಬುದ್ಧಿವಾದ ನನಗೆ ಇವತ್ತಿಗೂ ನುಂಗಲು ಬರುವುದಿಲ್ಲ.

ನೀರು ಕೆಟ್ಟಿದೆ ಎಂದು ಗೊತ್ತಾದ ದಿನದಿಂದ ಮೂರು ವರ್ಷದೊಳಗೆ ಕೇಸು ಹಾಕಬೇಕೆಂಬುದು ಕಾನೂನು. ಕಚೇರಿ ಕಚೇರಿ ಅಲೆದು, ಒಬ್ಬ ಒಳ್ಳೆಯ ವಕೀಲ ಸಿಗುವಷ್ಟರಲ್ಲಿ ಗಡುವಿಗೆ ಮೂರು ವಾರ ಉಳಿದಿತ್ತು, ಅದರೊಳಗೆ ಹಾಕಿದೆವು. ಆ ಬೆಳಿಗ್ಗೆ ನಾನು ವಾಸನೆ ಹಿಡಿದ ದಿನವೇ ಎಲ್ಲರಿಗೂ ಮೊದಲು ಗೊತ್ತಾದ ದಿನ. ಹಾಗಾಗಿ ನಾಲ್ಕೂ ಮನೆಯ ಕೇಸು ನನ್ನ ಮಾತಿನ ಮೇಲೆ ನಿಂತಿತ್ತು.

ಅಲ್ಲಿ ಕೋರ್ಟಿಗೆ ಹೋಗುವ ಮೊದಲೇ ಎದುರು ಪಕ್ಷದ ವಕೀಲರು ಸಾಕ್ಷಿಯನ್ನು ಕೂರಿಸಿಕೊಂಡು, ಪ್ರಮಾಣ ಮಾಡಿಸಿ, ಪ್ರಶ್ನೆ ಕೇಳುತ್ತಾರೆ. ಒಬ್ಬಾಕೆ ಎಲ್ಲವನ್ನೂ ಟೈಪ್ ಮಾಡಿಕೊಳ್ಳುತ್ತಾಳೆ. ಕಾರ್ಖಾನೆಯ ವಕೀಲ ಬಹಳ ಮರ್ಯಾದಸ್ಥ. ನನಗೆ ಕುರ್ಚಿ ಎಳೆದುಕೊಟ್ಟ, ಕಾಫಿ ತರಿಸಿದ. ಬೆಳಿಗ್ಗೆಯಿಂದ ಸಂಜೆವರೆಗೆ ಕೇಳಿದ. ಊಟದ ನಂತರ ಯಾವಾಗಲೋ, ಕಾಗದದಿಂದ ತಲೆ ಎತ್ತದೆ ಒಂದು ಪ್ರಶ್ನೆ: “ಆ ಬೆಳಿಗ್ಗೆಗಿಂತ ಮುಂಚೆ ನಿಮ್ಮ ನೀರಿನಲ್ಲಿ ನಿಮಗೆ ಯಾವ ವಾಸನೆಯೂ ಬಂದಿರಲಿಲ್ಲ, ಅಲ್ಲವೇ?”

“ಯೆಸ್,” ಅಂದೆ.

ಹೌದು, ಬಂದಿರಲಿಲ್ಲ. ನಾವು ಹೀಗೇ ಅಲ್ಲವೇ ಹೇಳುವುದು? ನೀವು ಹೇಳಿದ್ದು ಸರಿ ಅಂದರೆ ಹೌದು. ಅವನು ತಲೆ ಎತ್ತಿ ನನ್ನನ್ನು ಒಂದು ಕ್ಷಣ ನೋಡಿದ. ಮತ್ತೆ ಕೇಳಲಿಲ್ಲ. “ಥ್ಯಾಂಕ್ ಯೂ, ಮ್ಯಾಮ್,” ಅಂದು ಮುಂದಿನ ಹಾಳೆಗೆ ಹೋದ.

ಟೈಪ್ ಆದ ಪ್ರತಿಯನ್ನು ಓದಿ, ತಪ್ಪಿದ್ದರೆ ತಿದ್ದಿ, ಸಹಿ ಹಾಕಿ ಕಳಿಸಿ ಎಂದು ನನಗೆ ಕೊಟ್ಟರು. ಎರಡು ಸಲ ಓದಿದೆ. ಆ ಪ್ರಶ್ನೆ ಇತ್ತು, ಅದರ ಕೆಳಗೆ ‘ಯೆಸ್’ ಇತ್ತು. ಸರಿಯಾಗಿಯೇ ಕಂಡಿತು. ನಮ್ಮೂರಿನ ಹೆಸರಿನ ಸ್ಪೆಲ್ಲಿಂಗ್ ತಪ್ಪಿತ್ತು, ಅದನ್ನು ತಿದ್ದಿ ಸಹಿ ಹಾಕಿದೆ.

ತಿಂಗಳಾದ ಮೇಲೆ ನಮ್ಮ ವಕೀಲರ ಫೋನು. ಸಿಟ್ಟಾಗಿದ್ದರು.

“ಮುಂಚೆಯೇ ವಾಸನೆ ಬಂದಿತ್ತು ಅಂತ ನನಗ್ಯಾಕೆ ಹೇಳಲಿಲ್ಲ?”

“ಬಂದಿರಲಿಲ್ಲ.”

“ಯೆಸ್ ಅಂದಿದ್ದೀರಲ್ಲ!”

“ಹೌದು, ಯೆಸ್ ಅಂದೆ.”

“ಅಂದರೆ ಬಂದಿತ್ತು.”

“ಇಲ್ಲ!”

“ಹಾಗಾದರೆ ಯೆಸ್ ಯಾಕೆ ಅಂದಿರಿ?”

“ಬಂದಿರಲಿಲ್ಲ, ಅದಕ್ಕೇ!”

ಇಂಥ ಪ್ರಶ್ನೆಗೆ ಇಂಗ್ಲಿಷ್‌ನಲ್ಲಿ ಬಂದಿರಲಿಲ್ಲ ಎನ್ನಲು ‘ನೋ’ ಅನ್ನಬೇಕು, ‘ಯೆಸ್’ ಅಂದರೆ ಬಂದಿತ್ತು ಎಂದರ್ಥ ಎಂದು ಅವರು ಬಿಡಿಸಿ ತಿಳಿಸಿ, ಎದುರು ಪಕ್ಷದವರು ಕೇಸನ್ನೇ ವಜಾ ಮಾಡಿ ಎಂದು ಅರ್ಜಿ ಹಾಕಿರುವುದನ್ನು ಹೇಳಿದರು. ‘ಕೆಮಿಸ್ಟ್ರಿ ಓದಿದ ಹೆಂಗಸಿಗೆ ಮೊದಲೇ ಗೊತ್ತಿತ್ತು, ಪಕ್ಕದವರಿಗೆ ಹೇಳದಿದ್ದಾಳೆಯೇ? ಮೂರು ವರ್ಷ ಎಂದೋ ಮುಗಿದಿದೆ.’ ಹೊಂಡದಲ್ಲಿ ಏನಿದೆ ಎಂದು ಅವರು ಕೇಳಲಿಲ್ಲ. ಬಾವಿಯಲ್ಲಿ ಏನಿದೆ ಎಂದು ಕೇಳಲಿಲ್ಲ. ನನ್ನ ಬಾಯಿಂದ ಬಿದ್ದ ಒಂದು ಅಕ್ಷರದ ಹಿಂದೆ ಇಡೀ ಕಾರ್ಖಾನೆ ಅಡಗಿ ಕೂತುಕೊಂಡಿತ್ತು.

ಮುದುಕಿಯ ಮುಖ ಹೇಗೆ ನೋಡಲಿ? ಆದರೂ ಹೋದೆ. ಹಿತ್ತಲಲ್ಲಿ ಒಣಗಿದ ಬಳ್ಳಿ ಕೀಳುತ್ತಿದ್ದರು. ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದರೆ ಸೊಂಟಕ್ಕೆ ಕೈಯಿಟ್ಟು ನಗತೊಡಗಿದರು.

“ಸ್ಕ್ವಾಶ್!” ಅಂದರು.

“ಏನು?”

“ನಮ್ಮ ನೀರು ಕೆಡೋಕೆ ಮುಂಚಿನ ಮಾತು. ‘ಇನ್ನು ನಿನಗೆ ಸ್ಕ್ವಾಶ್ ಬೇಡ, ಅಲ್ವಾ?’ ಅಂತ ಕೇಳ್ತಿದ್ದೆ. ನೀನು ಯೆಸ್ ಅಂತಿದ್ದೆ. ಪಾಪ, ಈ ಹುಡುಗಿಗೆ ಎಷ್ಟು ಕೊಟ್ಟರೂ ಸಾಲದು ಅಂತ ಎರಡು ಬೇಸಿಗೆ ಬುಟ್ಟಿಗಟ್ಟಲೆ ಹೊತ್ತು ತಂದೆನಲ್ಲ!”

ಬೇಡ ಅಂದರೂ ಬಿಡದೆ ಕೊಡುವ ದಾನಶೂರೆ ಈಕೆ ಎಂದು ನಾನು ಕುಂಬಳದ ಜಾತಿಯ ಆ ಹಳದಿ ಕಾಯಿಗಳನ್ನು ಸಾಂಬಾರಿಗೆ ಹಾಕಿ ಹಾಕಿ ಗಂಡನ ಕೈಲಿ ಬೈಸಿಕೊಂಡಿದ್ದೆ. ಇಬ್ಬರೂ ಅಲ್ಲೇ ಮಣ್ಣಿನ ಮೇಲೆ ಕೂತು ನಕ್ಕೆವು. ನಗುತ್ತಲೇ ಅವರು ಟೀಚರಾದರು. “ನಿನ್ನ ಹೇಳಿಕೆಯ ಕಾಗದ ತಗೊಂಡು ಬಾ. ಒಂದೇ ತಪ್ಪನ್ನು ಮಕ್ಕಳು ಒಂದೇ ಸಲ ಮಾಡಲ್ಲ. ಎಲ್ಲ ಕಡೆ ಮಾಡ್ತಾರೆ.”

ಅಡುಗೆಮನೆಯ ಮೇಜಿನ ಮೇಲೆ ಕೆಂಪು ಪೆನ್ಸಿಲ್ ಹಿಡಿದು ಅವರು ಇಡೀ ಮಧ್ಯಾಹ್ನ ಓದಿದರು. ‘ನಿಮ್ಮ ಗಂಡ ಆ ಬೆಳಿಗ್ಗೆ ಮನೆಯಲ್ಲಿರಲಿಲ್ಲ, ಅಲ್ಲವೇ?’ ಯೆಸ್. ‘ನೀವು ಈ ದೇಶದ ಪ್ರಜೆಯಲ್ಲ, ಅಲ್ಲವೇ?’ ಯೆಸ್. ‘ಆ ಕಾರ್ಖಾನೆಯೊಳಗೆ ನೀವು ಯಾವತ್ತೂ ಕಾಲಿಟ್ಟಿಲ್ಲ, ಅಲ್ಲವೇ?’ ಯೆಸ್. ಕಾರ್ಖಾನೆಯವರ ಲೆಕ್ಕದಲ್ಲಿ ನನ್ನ ಗಂಡ ಒಂದೇ ಹೊತ್ತಿಗೆ ಮನೆಯಲ್ಲೂ ಆಸ್ಪತ್ರೆಯಲ್ಲೂ ಇದ್ದರು. ನಾನು ಗ್ರೀನ್ ಕಾರ್ಡ್ ಇಟ್ಟುಕೊಂಡಿದ್ದ ಅಮೆರಿಕನ್ ಪ್ರಜೆ!

ಕೋರ್ಟಿನಲ್ಲಿ ಕಾರ್ಖಾನೆಯ ವಕೀಲ ಈ ಸಲ ಕುರ್ಚಿ ಎಳೆದುಕೊಡಲಿಲ್ಲ. “ಇಂಗ್ಲಿಷ್ ಮಾಧ್ಯಮದಲ್ಲಿ ಎಂ.ಎಸ್ಸಿ. ಓದಿದವರಿಗೆ ಯೆಸ್‌ಗೂ ನೋಗೂ ವ್ಯತ್ಯಾಸ ತಿಳಿಯದೇ?” ಅಂದ. “ಓದಿ ಸಹಿ ಹಾಕಿದ್ದಾರೆ. ಸ್ಪೆಲ್ಲಿಂಗ್ ಕೂಡ ತಿದ್ದಿದ್ದಾರೆ. ಕೇಸು ಬೀಳುತ್ತದೆ ಎಂದು ಗೊತ್ತಾದ ಮೇಲೆ ಹೊಸ ವ್ಯಾಕರಣ ಹುಟ್ಟಿದೆ.”

ನನ್ನ ಯೆಸ್‌ನ ಅರ್ಥ ಅವನಿಗೆ ಅವತ್ತೇ ಗೊತ್ತಾಗಿತ್ತು. ಆ ಒಂದು ಕ್ಷಣದ ನೋಟವನ್ನು ನಾನು ಮರೆತಿಲ್ಲ. ಇನ್ನೊಮ್ಮೆ ಕೇಳಿದ್ದರೆ ಸತ್ಯ ಹೊರಬರುತ್ತಿತ್ತು, ಅದಕ್ಕೇ ಕೇಳಲಿಲ್ಲ. ನನ್ನ ಭಾಷೆಯ ಒಂದು ಹೌದನ್ನು ಎತ್ತಿಕೊಂಡು ಒಂದು ರಸ್ತೆಯ ಜನರ ನೀರಿಗೆ ಬೀಗ ಹಾಕಲು ಹೊರಟಿದ್ದ.

ನಮ್ಮ ವಕೀಲರು ಕೆಂಪು ಗುರುತಿನ ಹಾಳೆಗಳನ್ನೂ ಗಂಡನ ಆಸ್ಪತ್ರೆಯ ಡ್ಯೂಟಿ ಪಟ್ಟಿಯನ್ನೂ ಮುಂದಿಟ್ಟರು. ಜಡ್ಜ್ ಕನ್ನಡಕ ಸರಿಮಾಡಿಕೊಂಡು ಒಂದೊಂದಾಗಿ ಓದಿದರು. ಆಮೇಲೆ ನನ್ನ ಕಡೆ ತಿರುಗಿ ಸಹಜವಾಗಿ, “ಹೊರಗೆ ಈಗ ಮಳೆ ಬರುತ್ತಿಲ್ಲ, ಅಲ್ಲವೇ, ಮ್ಯಾಮ್?” ಅಂದರು.

ಕಿಟಕಿಯಾಚೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. “ಯೆಸ್, ಸರ್,” ಅಂದುಬಿಟ್ಟೆ! ಎಲ್ಲ ತಿಳಿದಿದ್ದೂ, ತಿಂಗಳಿನಿಂದ ಅದನ್ನೇ ಯೋಚಿಸುತ್ತಿದ್ದೂ. ಹಿಂದಿನ ಬೆಂಚಿನಿಂದ ಮುದುಕಿಯ ನಗು ಕೇಳಿಸಿತು. ಜಡ್ಜ್ ನಗಲಿಲ್ಲ. ಕಾರ್ಖಾನೆಯ ವಕೀಲನನ್ನು ನೋಡಿ, “ಇದೇ ಪ್ರಶ್ನೆಯನ್ನು ನೀವು ಇನ್ನೊಂದು ರೀತಿಯಲ್ಲಿ ಕೇಳಬಹುದಿತ್ತು,” ಅಂದರು. ಅವನು ಕಾಗದ ಜೋಡಿಸಿಕೊಳ್ಳತೊಡಗಿದ.

ವಜಾ ಅರ್ಜಿ ಬಿದ್ದುಹೋಯಿತು. ಆಮೇಲೂ ಒಂದು ವರ್ಷ ಎಳೆದಾಡಿದರು. ಕೊನೆಗೆ ಜಡ್ಜ್, ಕಾರ್ಖಾನೆಯವರು, ಟ್ಯಾಂಕರಿನವನು, ಜಮೀನಿನವನು ಮೂವರೂ ಸೇರಿ ಮೊದಲು ಹೊಂಡ ಬಗೆಯಿರಿ, ಪೈಪ್ ಹಾಕಿ, ಯಾರ ಪಾಲು ಎಷ್ಟೆಂಬ ಜಗಳವನ್ನು ಆಮೇಲೆ ನಿಮ್ಮನಿಮ್ಮಲ್ಲೇ ಆಡಿಕೊಳ್ಳಿ ಎಂದು ಆದೇಶ ಮಾಡಿದರು. ಇಷ್ಟು ಸರಳವಾದ ಮಾತು ಹೇಳಿಸುವುದಕ್ಕೆ ಐದು ವರ್ಷ! ತಪ್ಪು ಮಾಡಿದೆವು ಎಂದು ಯಾರೂ ಒಪ್ಪಲಿಲ್ಲ. ಕ್ಷಮೆ ಎಂಬ ಪದ ಯಾವ ಕಾಗದದಲ್ಲೂ ಇಲ್ಲ. ನಮ್ಮ ಮಕ್ಕಳ ಮೈಯೊಳಗೆ ಏನು ಸೇರಿದೆ ಎಂದು ಕೇಳಿದವರೂ ಇಲ್ಲ. ಮಗಳಿಗೆ ಸ್ವಲ್ಪ ಜ್ವರ ಬಂದರೂ ನನ್ನ ಎದೆ ಈಗಲೂ ಹೊಡೆದುಕೊಳ್ಳುತ್ತದೆ.

ಒಂದು ಗುರುವಾರ ಯಂತ್ರಗಳು ಬಂದವು. ಮುದುಕಿ ತಮ್ಮ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು, ಸಿನಿಮಾ ನೋಡುವ ಹಾಗೆ ದಿನವಿಡೀ ಕೂತು ನೋಡಿದರು. ನಾನೂ ಪಕ್ಕದಲ್ಲಿ ಕೂತೆ. ಹಸಿರು ಮಣ್ಣು, ನೇರಳೆ ಮಣ್ಣು, ಸೀಳಿದ ಪೀಪಾಯಿಗಳು ಹೊರಗೆ ಬಂದವು. “ನಮ್ಮ ಕಣ್ಣಿಗೆ ಕಾಣ್ತಲ್ಲ, ಸಾಕು,” ಅಂದರು ಅವರು. ಸಂಜೆ ಹೊತ್ತಿಗೆ ಪೈಪಿನವರು ನಮ್ಮ ರಸ್ತೆಯ ತುದಿಯಿಂದ ಕಾಲುವೆ ತೋಡಲು ಗುರುತು ಹಾಕಿ ಹೋದರು.

ಆ ರಾತ್ರಿ ಊಟ ಮಾಡಿ ಮಲಗಿದ್ದು ಗೊತ್ತು. ಅಷ್ಟು ವರ್ಷಗಳಲ್ಲಿ ಮೊದಲ ಸಲ ಎರಡು ಗಂಟೆಗೆ ಎಚ್ಚರವಾಗಲಿಲ್ಲ. ಮತ್ತೆ ಕಣ್ಣು ಬಿಟ್ಟಾಗ ಕೋಣೆಯ ತುಂಬ ಬಿಸಿಲು. ಗಂಡ ಪಕ್ಕದಲ್ಲಿ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು, ಆಸ್ಪತ್ರೆಗೆ ತಡವಾಗಿತ್ತು. ಮಗಳು ಬಾಗಿಲಲ್ಲಿ ನಿಂತು, ಎರಡು ಕೈಯನ್ನೂ ಸೊಂಟದ ಮೇಲಿಟ್ಟುಕೊಂಡು, ತನ್ನ ಅಮೆರಿಕನ್ ಕನ್ನಡದಲ್ಲಿ ರೇಗುತ್ತಿದ್ದಳು: “ಅಮ್ಮಾ, ಬಸ್ ಹೋಯ್ತು! ನೀವಿಬ್ರೂ ಯಾಕೆ ಏಳಲೇ ಇಲ್ಲ?”